ಕೆಜಿಎಫ್‌ಗೆ ಹೊರಡುವ ಮೊದಲು

ಬೆಂಗಳೂರು

ಪ್ರೀತಿಯ ಮಗನೇ,

ಕ್ರಿಸ್ತನಲ್ಲಿ ನಿನಗೆ ನನ್ನ ಆಶೀರ್ವಾದಗಳು. ಸೆಮಿನರಿಯವರು ನಿನ್ನನ್ನು ತರಬೇತಿಗಾಗಿ ಕೆಜಿಎಫ್‌ನ, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶದ ಕ್ರೈಸ್ತ ಸಭೆಗೆ ಕಳುಹಿಸುತ್ತಿದ್ದಾರೆಂದು ನಿನ್ನ ಅಪ್ಪ ಹೇಳಿದ. ಪ್ರಸಂಗ ಸಿದ್ಧಪಡಿಸುವುದಕ್ಕೇ ಹೊತ್ತು ಸಾಲದಿರುವಾಗ ಅಲ್ಲಿನವರ ಚರಿತ್ರೆ ಓದುವುದು ಯಾವಾಗ ಎಂದು ನೀನು ಕೇಳಿದೆಯಂತೆ. ಅದಕ್ಕಾಗಿಯೇ ಈ ಪತ್ರ.

ಆ ಚಿನ್ನದ ಗಣಿಗಳಿಗೆ ಇಳಿದವರಲ್ಲಿ ಬಹುಪಾಲು ಜನ ತಮಿಳು ಸೀಮೆಯ ಉತ್ತರ ಆರ್ಕಾಟ್ ಕಡೆಯಿಂದ ಬಡತನ, ಅಸ್ಪೃಶ್ಯತೆಗಳನ್ನು ಬಿಟ್ಟು ಬಂದ ದಲಿತರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಆ ಗಣಿಗಳಿಗೆ. ನಮ್ಮ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಷ್ಟು ಬೇಗ ಬೆಳಕು ಕಂಡ ಊರಿನ ಕೆಳಗೆ, ಮೂರು ಕಿಲೋಮೀಟರಿಗೂ ಮೀರಿದ ಆಳದವರೆಗೆ ಇಳಿದು ದುಡಿದವರಲ್ಲಿ ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ದೂಳು ಎದೆಗೂಡು ಸೇರಿ ಕೆಮ್ಮಿ ಕೆಮ್ಮಿ ಸೊರಗಿದವರಿದ್ದಾರೆ. 2001ರಲ್ಲಿ ಗಣಿ ಮುಚ್ಚಿತು. ಅವರ ಮಕ್ಕಳು ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ರೈಲು ಹಿಡಿದು ನಮ್ಮೂರಿಗೆ ಕೆಲಸಕ್ಕೆ ಬರುತ್ತಾರೆ.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಮಗನ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳಲು ಬಂದರು. ಸಭೆಯ ರಿಜಿಸ್ಟರಿನಲ್ಲಿ ಕ್ರೈಸ್ತ ಹೆಸರು, ಶಾಲೆಯ ಟಿ.ಸಿ.ಯಲ್ಲಿ ಹಿಂದೂ ಹೆಸರು. “ಎರಡು ದೋಣಿಯ ಮೇಲೆ ಕಾಲಿಡಬಾರದಮ್ಮ” ಎಂದು ನಾಲ್ಕು ಜನರೆದುರು ಅಂದುಬಿಟ್ಟೆ. ಆಕೆ ಮರುಮಾತಾಡದೆ ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದರು. ಮತ್ತೆಂದೂ ಆರಾಧನೆಗೆ ಬರಲಿಲ್ಲ. 1950ರ ರಾಷ್ಟ್ರಪತಿ ಆದೇಶವು ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ, ಅದರ ಸವಲತ್ತುಗಳಿಂದ ಹೊರಗಿಟ್ಟಿತೆಂದೂ, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಾಗಲೂ ಇವರಿಗೆ ಬಾಗಿಲು ತೆರೆಯಲಿಲ್ಲವೆಂದೂ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ನಾನು ಕಪಟವೆಂದುಕೊಂಡದ್ದು ಮಗನ ಓದಿಗಾಗಿ ಒಬ್ಬ ತಾಯಿ ಹೊತ್ತಿದ್ದ ಭಾರವಾಗಿತ್ತು.

ದೋಷವನ್ನು ಸರ್ಕಾರದ ಮೇಲಷ್ಟೇ ಹೊರಿಸಬೇಡ. ಕ್ರಿಸ್ತನ ಹೆಸರು ಹೇಳುವ ಎಷ್ಟೋ ಸಭೆಗಳಲ್ಲಿ ಇವರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದವು. ಅದನ್ನೂ ಓದು, ನೋವಾಗುತ್ತದೆ, ಆದರೂ ಓದು. ವಿಮೋಚನಕಾಂಡದಲ್ಲಿ ದೇವರು ಮೋಶೆಯನ್ನು ಕಳುಹಿಸುವ ಮೊದಲು ತನ್ನ ಜನರ ಸಂಕಟವನ್ನು ಕಂಡನು, ಮೊರೆಯನ್ನು ಕೇಳಿದನು, ದುಃಖವನ್ನು ಅರಿತನು. ನಾವು ಮಾತ್ರ ನೇರವಾಗಿ ಬೋಧನೆಗೆ ನಿಲ್ಲುತ್ತೇವೆ.

ಮೊದಲ ಕೆಲವು ವಾರ ಹಿರಿಯರ ಮನೆಗಳಲ್ಲಿ ಸುಮ್ಮನೆ ಕುಳಿತು ಕೇಳು. ನಿನಗೆ ಬರುವಷ್ಟು ತಮಿಳು ಸಾಕು. ಅವರು ಹೇಳಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಪ್ರಸಂಗಕ್ಕೆ ಉದಾಹರಣೆಯಾಗಿ ಎತ್ತಿಕೊಳ್ಳಬೇಡ. ಹೊರಡುವ ಮುಂಚಿನ ಭಾನುವಾರ ಊಟಕ್ಕೆ ಮನೆಗೆ ಬಾ. 1950ರ ಆ ಆದೇಶದ ಒಂದು ಪ್ರತಿಯನ್ನು ನಿನಗಾಗಿ ತೆಗೆದಿಟ್ಟಿದ್ದೇನೆ.

ಇಂತು ನಿನ್ನ
ದೊಡ್ಡಪ್ಪ