ಡಬ್ಬಿಯ ಮೇಲಿನ 650 ಡಿಗ್ರಿ ಎಲ್ಲಿಂದ ಬಂತು? ಬ್ರೇಕ್ ಪ್ಯಾಡ್ ತಯಾರಕರಿಗೆ ಎರಡನೆಯ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ‘ರಸ್ತೆಗೂ ಟ್ರ್ಯಾಕಿಗೂ’ ಎಂದು ಮಾರಿದ ಮುಂಚಕ್ರದ ಬ್ರೇಕ್ ಪ್ಯಾಡ್ ಟ್ರ್ಯಾಕಿನಲ್ಲಿ ಕೈಕೊಟ್ಟ ಬಗ್ಗೆ.

ಮಾನ್ಯರೇ,

ನನ್ನ ಮೊದಲ ದೂರಿಗೆ ನಿಮ್ಮಿಂದ ಬಂದ ಉತ್ತರ ಎರಡೇ ಸಾಲು. ಪ್ಯಾಡನ್ನು ಸರಿಯಾಗಿ ಬೆಡ್ಡಿಂಗ್ ಮಾಡಿಲ್ಲ (ಅಂದರೆ ಹೊಸ ಪ್ಯಾಡನ್ನು ಹದವಾಗಿ ಕಾಯಿಸಿ ಡಿಸ್ಕಿಗೆ ಹೊಂದಿಸಿಲ್ಲ), ಇದು ಚಾಲಕರ ತಪ್ಪು, ವಾರಂಟಿಯಲ್ಲಿ ಬರುವುದಿಲ್ಲ ಎಂದಿದ್ದೀರಿ. ಪ್ಯಾಡನ್ನು ನೋಡದೆ, ಒಂದು ಪ್ರಶ್ನೆಯನ್ನೂ ಕೇಳದೆ ಈ ತೀರ್ಮಾನಕ್ಕೆ ಹೇಗೆ ಬಂದಿರೋ ನನಗೆ ಅರ್ಥವಾಗಲಿಲ್ಲ. ಹಾಗಾಗಿ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಈ ಸಲ ದಯವಿಟ್ಟು ಪತ್ರವನ್ನು ಪ್ಯಾಡಿನ ಕೆಲಸ ಬಲ್ಲ ಎಂಜಿನಿಯರ್ ಒಬ್ಬರ ಕೈಗೆ ಕೊಡಿ.

ನಾನು ವೃತ್ತಿ ರೇಸರ್ ಅಲ್ಲ. ಬಿಡುವು ಸಿಕ್ಕಾಗ ಟ್ರ್ಯಾಕಿಗೆ ಹೋಗುವವನು, ಆಗೊಮ್ಮೆ ಈಗೊಮ್ಮೆ ಹವ್ಯಾಸಿ ರೇಸಿನಲ್ಲಿ ಓಡಿಸುವವನು. ಯಾವ ಕಾರಿನಲ್ಲಿ ಮನೆಯಿಂದ ಹೊರಡುತ್ತೇನೋ ಅದನ್ನೇ ಟ್ರ್ಯಾಕಿಗೆ ಇಳಿಸಿ, ಅದರಲ್ಲೇ ಮನೆಗೆ ವಾಪಸಾಗಬೇಕು. ನಮ್ಮಂಥವರಿಗೆ ಪ್ಯಾಡ್ ಆರಿಸುವುದೇ ದೊಡ್ಡ ಇಕ್ಕಟ್ಟು. ಅಪ್ಪಟ ರೇಸಿಂಗ್ ಪ್ಯಾಡ್ ಹಾಕಿದರೆ ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನು ಬೇಗ ಸವೆಸುತ್ತದೆ; ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲೇ ಎದೆ ಝಲ್ಲೆನ್ನುತ್ತದೆ. ರಸ್ತೆಯ ಪ್ಯಾಡ್ ಹಾಕಿದರೆ ಟ್ರ್ಯಾಕಿನ ಬಿಸಿಗೆ ಬೆಂದುಹೋಗುತ್ತದೆ. ನಿಮ್ಮ ಡಬ್ಬಿಯ ಮೇಲೆ ‘ರಸ್ತೆಗೂ ಟ್ರ್ಯಾಕಿಗೂ’ ಎಂದಿತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಗರಿಷ್ಠ 650 ಡಿಗ್ರಿ ಸೆಲ್ಸಿಯಸ್’. ಆ ಒಂದು ಸಂಖ್ಯೆಯನ್ನು ನಂಬಿ ಕೊಂಡೆ.

ಬೆಡ್ಡಿಂಗ್ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಹೊಸ ಡಿಸ್ಕ್ ಹಾಕಿಸಿ, ಡಬ್ಬಿಯೊಳಗಿದ್ದ ನಿಮ್ಮದೇ ಚೀಟಿಯಂತೆ ಮಾಡಿದ್ದೇನೆ. ಗಂಟೆಗೆ 100 ಕಿ.ಮೀ. ವೇಗದಿಂದ 20ಕ್ಕೆ ಹತ್ತು ಸಲ ಇಳಿಸಿದೆ, ಒಮ್ಮೆಯೂ ಪೂರ್ತಿ ನಿಲ್ಲಿಸಲಿಲ್ಲ. ಆಮೇಲೆ ಬ್ರೇಕ್ ಆದಷ್ಟೂ ಮುಟ್ಟದೆ ಓಡಿಸಿ ತಣಿಸಿದೆ. ಡಿಸ್ಕಿನ ಮೇಲೆ ಪ್ಯಾಡಿನ ಪದರ ಒಂದೇ ಸಮನೆ ಕೂತಿತ್ತು, ಎಲ್ಲೂ ಕಲೆಯಿರಲಿಲ್ಲ, ಫೋಟೋ ಲಗತ್ತಿಸಿದ್ದೇನೆ. ಬೆಡ್ಡಿಂಗ್ ಆಗದ ಹೊಸ ಪ್ಯಾಡ್ ಮೊದಲ ಸಲ ಜೋರಾಗಿ ಕಾದಾಗ ಒಳಗಿನ ರಾಳ ಅನಿಲ ಬಿಟ್ಟು ಹಿಡಿತ ತಪ್ಪುತ್ತದೆ, ಅದು ನನಗೂ ಗೊತ್ತು. ಆದರೆ ನನ್ನ ಪ್ಯಾಡ್ ಆ ಬಿಸಿಯನ್ನು ದಾಟಿತ್ತು. ಒಮ್ಮೆ ಸೋತು, ತಣಿದು, ಸರಿಹೋಗಿ, ಮತ್ತೆ ಕಾದ ಕೂಡಲೇ ಮತ್ತೆ ಸೋತಿತು.

ಪ್ಯಾಡ್ ಸೋತದ್ದು ಟ್ರ್ಯಾಕಿಗೆ ಹೋದ ದಿನದ ಮೂರನೆಯ ಓಟದಲ್ಲಿ. ನೇರ ದಾರಿಯ ತುದಿಯಲ್ಲಿ 150ರಿಂದ 60ಕ್ಕೆ ಇಳಿಸಬೇಕು. ನನ್ನನ್ನೂ ಸೇರಿಸಿ ಕಾರಿನ ತೂಕ 1,200 ಕಿಲೊ ಎಂದಿಟ್ಟುಕೊಂಡರೆ, ಆ ಒಂದು ಬ್ರೇಕಿಗೆ ಸುಮಾರು 8.75 ಲಕ್ಷ ಜೂಲ್ ಶಾಖ, ಅದೂ ಮೂರು ಸೆಕೆಂಡಿನ ಆಸುಪಾಸಿನಲ್ಲಿ. ಬಹುಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆಯೇ. ಐದನೆಯ ಲ್ಯಾಪಿನಲ್ಲಿ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ತಿರುವಿನಲ್ಲಿ ಅಗಲಕ್ಕೆ ಹೋಯಿತು. ಒಂದು ಲ್ಯಾಪ್ ನಿಧಾನಕ್ಕೆ ಓಡಿಸಿ ತಣಿಸಿದೆ. ಬ್ರೇಕ್ ಮತ್ತೆ ಚೆನ್ನಾಗಿ ಕಚ್ಚಿತು, ಸರಿಯಾಯಿತು ಅಂದುಕೊಂಡೆ. ಎಂಟನೆಯ ಲ್ಯಾಪಿನಲ್ಲಿ ಅದೇ ಜಾಗದಲ್ಲಿ ಪೆಡಲ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಬೆನ್ನನ್ನು ಸೀಟಿಗೆ ಕೊಟ್ಟು ಮೈಯ ಬಲವನ್ನೆಲ್ಲ ಕಾಲಿಗೆ ಹಾಕಿದೆ. ಕಾರು ಹೋಗುತ್ತಲೇ ಇತ್ತು. ಜಲ್ಲಿಯಲ್ಲಿ ಹೂತು ನಿಂತಿತು. ಆ ತಿರುವಿನಲ್ಲಿ ಮುಂದೆ ಇನ್ನೊಬ್ಬರ ಕಾರು ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಬ್ರೇಕ್ ಆಯಿಲ್ ಕುದಿದಿರಬೇಕು ಎಂದು ಹೇಳಬೇಡಿ. ಆಯಿಲ್ ಕುದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ನನ್ನ ಪೆಡಲ್ ಗಟ್ಟಿಯಾಗಿಯೇ ಇತ್ತು, ಕಚ್ಚಬೇಕಾದ ಪ್ಯಾಡ್ ಕಚ್ಚಲಿಲ್ಲ. ಹಿಂದಿನ ದಿನವಷ್ಟೇ ಸೀಲ್ ಒಡೆದ, 300 ಡಿಗ್ರಿಗೂ ಮೇಲೆ ಕುದಿಯುವ ರೇಸಿಂಗ್ ಡಾಟ್ 4 ಆಯಿಲ್ ಹಾಕಿ ಗಾಳಿ ತೆಗೆಸಿದ್ದೆ.

ಡಿಸ್ಕಿನ ಅಂಚಿಗೆ ಶಾಖ ತೋರಿಸುವ ಬಣ್ಣವನ್ನೂ ಬಳಿದಿದ್ದೆ. 430 ಡಿಗ್ರಿಯದು ಮತ್ತು 560 ಡಿಗ್ರಿಯದು ಬಣ್ಣ ಬದಲಿಸಿವೆ. 610ರದು ಹಾಗೇ ಉಳಿದಿದೆ. ಅಂದರೆ ಡಿಸ್ಕಿನ ಅಂಚು ನಿಮ್ಮ 650 ಇರಲಿ, 610ನ್ನೂ ಮುಟ್ಟಿಲ್ಲ.

ಬಿಚ್ಚಿದ ಪ್ಯಾಡ್ ಈಗ ನನ್ನ ಮೇಜಿನ ಮೇಲಿದೆ. ಮೈ ಗಾಜಿನಂತೆ ಹೊಳೆಯುತ್ತಿದೆ. ಅಂಚು ಬೂದಿ ಬಣ್ಣಕ್ಕೆ ತಿರುಗಿದೆ, ಉಗುರಿನಿಂದ ಒತ್ತಿದರೆ ಹಳೇ ಗಾರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಹಿಂಬದಿಯ ಉಕ್ಕಿನ ತಗಡಿಗೂ ಪ್ಯಾಡಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಅದನ್ನು ನೋಡಿದಾಗ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ಯಾಡಿನ ಅಂಚಿನಲ್ಲಿ ‘ಎಫ್ಎಫ್’ ಎಂದು ಅಚ್ಚಿದೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿನ ಘರ್ಷಣೆಯದು, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಎಫ್ ಎಂದರೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.35ರಿಂದ 0.45. ನಿಮ್ಮ ತಾಂತ್ರಿಕ ಹಾಳೆಯಲ್ಲಿ ನಮೂದಾದ ಪರೀಕ್ಷೆ ಒಂದೇ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ661. ಒಂದು ಇಂಚು ಚದರದ ತುಂಡನ್ನು ತಿರುಗುವ ಡ್ರಮ್ಮಿಗೆ ಒತ್ತಿ ನೋಡುವ ಪರೀಕ್ಷೆ ಅದು. ಅದರಲ್ಲಿ ಡ್ರಮ್ಮನ್ನು ಕಾಯಿಸುವ ಗರಿಷ್ಠ ಮಿತಿ 650 ಡಿಗ್ರಿ, ಆದರೆ ಫ್ಯಾರನ್‌ಹೀಟ್. ಸೆಲ್ಸಿಯಸ್ಸಿನಲ್ಲಿ ಅದು ಬರೀ 343. ಡಬ್ಬಿಯ ಮೇಲಿನ 650 ಇದೇ ಏನು? ಅಚ್ಚು ಹಾಕುವಾಗ ಫ್ಯಾರನ್‌ಹೀಟ್ ಹೋಗಿ ಸೆಲ್ಸಿಯಸ್ ಆಯಿತೇ? ಹಾಗಾಗಿದೆ ಎಂದು ನಾನು ಆರೋಪಿಸುತ್ತಿಲ್ಲ, ಕೇಳುತ್ತಿದ್ದೇನೆ. ಅಲ್ಲ ಎಂದಾದರೆ, ಸೆಲ್ಸಿಯಸ್ಸಿನ 650ರವರೆಗೆ ಈ ಪ್ಯಾಡನ್ನು ಯಾವ ಯಂತ್ರದಲ್ಲಿ ಪರೀಕ್ಷಿಸಿದ್ದೀರಿ ಎಂಬುದನ್ನು ತೋರಿಸಿ.

ಗರಿಷ್ಠ ಡಿಗ್ರಿಯೊಂದನ್ನೇ ಬರೆದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಅಷ್ಟು ಬಿಸಿಯಲ್ಲಿ ಪ್ಯಾಡ್ ಉರಿದುಹೋಗುವುದಿಲ್ಲ ಎಂದೋ, ಅಷ್ಟು ಬಿಸಿಯಲ್ಲೂ ಹಿಡಿತ ಇರುತ್ತದೆ ಎಂದೋ? ನಮಗೆ ಬೇಕಾದದ್ದು ತಣ್ಣಗಿದ್ದಾಗಿನಿಂದ ಕೊನೆಯವರೆಗೆ ಹಿಡಿತ ಹೇಗೆ ಏರಿ ಇಳಿಯುತ್ತದೆ ಎಂಬ ಗೆರೆ. ಪ್ಯಾಡಿನಿಂದ ಪ್ಯಾಡಿಗೆ ವ್ಯತ್ಯಾಸ ಕಾಣುವುದು ಅಲ್ಲಿಯೇ.

ಆದ್ದರಿಂದ ಪ್ಯಾಡಿನ ಹಣವನ್ನೂ, ಪದರ ಹಾಳಾದ ಎರಡು ಡಿಸ್ಕುಗಳ ಹಣವನ್ನೂ ಹಿಂತಿರುಗಿಸಿ. ನನ್ನ ಬ್ಯಾಚಿನ ಪ್ಯಾಡನ್ನು ಪೂರ್ಣ ಗಾತ್ರದಲ್ಲಿ ಬ್ರೇಕ್ ಡೈನಮೋಮೀಟರಿನ (ಬ್ರೇಕಿನ ಹಿಡಿತ ಅಳೆಯುವ ಯಂತ್ರದ) ಮೇಲೆ ಓಡಿಸಿ ಆ ಗೆರೆಯನ್ನು ಪ್ರಕಟಿಸಿ. ಅಲ್ಲಿಯವರೆಗೆ ಡಬ್ಬಿಯಿಂದ ‘ಟ್ರ್ಯಾಕಿಗೂ’ ಎಂಬ ಮಾತನ್ನು ತೆಗೆಯಿರಿ. ಹಣ ತಡವಾದರೂ ಸಹಿಸುತ್ತೇನೆ, ಇದು ತಡವಾಗಬಾರದು. ಈ ವಾರವೇ ಅದೇ ಡಬ್ಬಿ ನೋಡಿ ಕೊಳ್ಳುವವರಿದ್ದಾರೆ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾಲ್ಕೂ ಪ್ಯಾಡುಗಳನ್ನು ಬಿಚ್ಚಿದ ಸ್ಥಿತಿಯಲ್ಲೇ, ಒರೆಸದೆ ಇಟ್ಟಿದ್ದೇನೆ. ಪರೀಕ್ಷೆಗೆ ವಿಳಾಸ ತಿಳಿಸಿದರೆ ಮೂರನ್ನು ಕಳಿಸುತ್ತೇನೆ. ಒಂದು ನನ್ನ ಬಳಿಯೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಡಬ್ಬಿಯ ಬ್ಯಾಚ್ ಸಂಖ್ಯೆ, ಡಿಸ್ಕ್ ಮತ್ತು ಪ್ಯಾಡಿನ ಫೋಟೋಗಳು