ಪಿ.ಬಿ. ರಸ್ತೆಗೆ ಸೈಕಲ್ ಇಳಿಸುವ ಮುಂಚೆ

ಚಿತ್ರದುರ್ಗ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಜಗಳೂರಿನಿಂದ ದಾವಣಗೆರೆಗೆ ಮನೆ ಮಾಡಿದ್ದೀರಿ, ನೀನು ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತೀ, ತಮ್ಮನಿಗೆ ಸ್ಕೇಟು ಕೊಡಿಸಿದ್ದಾರೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷ. ಜಗಳೂರಿನಲ್ಲಿ ಎದುರಿಗೆ ಬರುವ ಬೈಕು ಯಾರದ್ದು ಅಂತ ನಿನಗೆ ಗೊತ್ತು, ನೀನು ಯಾರ ಮಗಳು ಅಂತ ಅವನಿಗೂ ಗೊತ್ತು. ತಾನಾಗಿ ನಿಧಾನ ಮಾಡುತ್ತಾನೆ. ದಾವಣಗೆರೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಆ ಪರಿಚಯ ಇಲ್ಲ. ಅಲ್ಲಿ ನೀನು ದೂರದಿಂದಲೇ ಕಾಣಬೇಕು, ಮುಂದೆ ಯಾವ ಕಡೆ ಹೊರಳುತ್ತೀ ಅನ್ನುವುದು ಹಿಂದಿನವನಿಗೆ ಮೊದಲೇ ತಿಳಿಯಬೇಕು. ನಾನು ಬರೆಯುವುದೆಲ್ಲ ಇದರ ಸುತ್ತಲೇ ಇದೆ.

ಮೊದಲು ರಸ್ತೆ ದಾಟುವ ವಿಚಾರ. ರಸ್ತೆ ಎಂಜಿನಿಯರುಗಳು ಸಿಗ್ನಲ್ ಲೆಕ್ಕ ಹಾಕುವಾಗ ಮನುಷ್ಯನ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. ಡಿವೈಡರ್ ಇರುವ ರಸ್ತೆಯ ಒಂದು ಬದಿ 7 ಮೀಟರ್ ಇದ್ದರೆ ಅದನ್ನು ದಾಟಲು ನಿನಗೆ 6 ಸೆಕೆಂಡ್ ಬೇಕು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಅಷ್ಟು ಹೊತ್ತಿಗೆ 83 ಮೀಟರ್ ಬಂದಿರುತ್ತದೆ. ಕರೆಂಟ್ ಕಂಬದಿಂದ ಕಂಬಕ್ಕೆ ಸುಮಾರು 30 ಮೀಟರ್ ಅಂತ ಇಟ್ಟುಕೋ. ಗಾಡಿ ಮೂರು ಕಂಬದ ಆಚೆ ಇದ್ದರೆ ದಾಟು, ಈಚೆ ಇದ್ದರೆ ನಿಲ್ಲು. ಅದೇ ವೇಗದಲ್ಲಿ ಬ್ರೇಕ್ ಹಾಕಿದರೂ ಕಾರು ನಿಲ್ಲಲು ಒಣ ರಸ್ತೆಯಲ್ಲೇ 28 ಮೀಟರ್ ಬೇಕು, ಮಳೆ ಬಿದ್ದಿದ್ದರೆ 40ರ ಹತ್ತಿರ. ತುಂಬಿದ ಲಾರಿಗೆ ಇನ್ನೂ ಹೆಚ್ಚು.

ಒಮ್ಮೆಗೇ ಎರಡೂ ಬದಿ ದಾಟಲು ಹೋಗಬೇಡ. ಡಿವೈಡರ್ ತನಕ ಒಂದು, ಅಲ್ಲಿ ನಿಂತು ನೋಡಿ ಇನ್ನೊಂದು. ಮೊದಲ ಅರ್ಧಕ್ಕೆ ಬಲಗಡೆ, ಎರಡನೆಯ ಅರ್ಧಕ್ಕೆ ಎಡಗಡೆ ನೋಡಬೇಕು ಅನ್ನುವುದು ಸರಿ, ಆದರೆ ಎರಡೂ ಸಲ ಎರಡೂ ಕಡೆ ನೋಡು. ರಾಂಗ್ ಸೈಡಿನಲ್ಲಿ ಬೈಕು ಬರುವುದು ಅಲ್ಲಿ ದಿನನಿತ್ಯದ ಮಾತು. ಜೀಬ್ರಾ ಪಟ್ಟಿಯ ಮೇಲೆ ದಾಟುವವರಿಗೆ ದಾರಿ ಬಿಡಬೇಕು, ಫುಟ್‌ಪಾತಿನ ಮೇಲೆ ಮೋಟಾರು ಗಾಡಿ ಹತ್ತಿಸಬಾರದು ಅಂತ 2017ರ ಮೋಟಾರು ವಾಹನ ಚಾಲನಾ ನಿಯಮದಲ್ಲೇ ಇದೆ. ಹಾಗಿದ್ದರೂ ಒಂದು ಗಾಡಿ ನಿಂತಿತು ಅಂತ ಓಡಬೇಡ. ನಿಂತ ಕಾರಿನ ಆಚೆಯಿಂದ ಅದನ್ನು ಹಿಂದಿಕ್ಕಿ ಬರುವ ಬೈಕಿನವನಿಗೆ ನೀನು ಕಾಣುವುದೇ ಇಲ್ಲ, ನಿನಗೆ ಅವನೂ ಕಾಣುವುದಿಲ್ಲ. ಕಾರಿನ ಅಂಚಿಗೆ ಬಂದು ನಿಲ್ಲು, ಇಣುಕು, ಆಮೇಲೆ ಮುಂದಿನ ಹೆಜ್ಜೆ. ಬಸ್ಸಿನಿಂದ ಇಳಿದಾಗ ಅದರ ಮೂತಿಯ ಮುಂದೆ ದಾಟಲೇಬೇಡ. ಬಸ್ಸು ಹೋಗಲಿ ಬಿಡು, ರಸ್ತೆ ಪೂರ್ತಿ ಕಂಡ ಮೇಲೆ ದಾಟಿದರಾಯಿತು. ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ ನಡೆ, ಎದುರಿನ ಗಾಡಿ ಕಣ್ಣಿಗೆ ಬೀಳುತ್ತಿರಲಿ. ಸೈಕಲ್ ಹತ್ತಿದಾಗ ಮಾತ್ರ ಯಾವಾಗಲೂ ಎಡಬದಿ. ಇವೆರಡನ್ನೂ ಅದಲುಬದಲು ಮಾಡುವವರೇ ಹೆಚ್ಚು.

ಇನ್ನು ಸೈಕಲ್. ಎಡಕ್ಕೆ ಅಂದರೆ ಚರಂಡಿಗೆ ಅಂಟಿಕೊಂಡು ಅಂತಲ್ಲ. ರಸ್ತೆ ಅಂಚಿನಿಂದ ಅರ್ಧದಿಂದ ಮುಕ್ಕಾಲು ಮೀಟರ್ ಒಳಗೆ ಇರು. ಅಂಚಿನಲ್ಲಿ ಮರಳು, ಒಡೆದ ಚಪ್ಪಡಿ, ಚರಂಡಿಯ ಜಾಲರಿ ಎಲ್ಲಾ ಇರುತ್ತವೆ. ಅವನ್ನು ತಪ್ಪಿಸಲು ಥಟ್ಟನೆ ಬಲಕ್ಕೆ ಹೊರಳಿದಾಗಲೇ ಹಿಂದಿನ ಗಾಡಿ ತಾಗುವುದು. ನಿಲ್ಲಿಸಿದ ಕಾರುಗಳ ಪಕ್ಕದಲ್ಲಿ ಒಂದು ಮೀಟರ್ ಅಂತರ ಬೇಕು, ತೆರೆದ ಬಾಗಿಲು ಅಷ್ಟು ದೂರ ಚಾಚುತ್ತದೆ. ಸೀಟಿನಲ್ಲಿ ತಲೆ ಕಂಡರೆ ಅಥವಾ ಹಿಂದಿನ ಕೆಂಪು ದೀಪ ಈಗ ತಾನೇ ಆರಿದ್ದರೆ ಬಾಗಿಲು ತೆರೆಯುತ್ತದೆ ಅಂತಲೇ ತಿಳಿ.

ಲಾರಿಯ ಎಡಪಕ್ಕದ ವಿಷಯ ಮನಸ್ಸಿಟ್ಟು ಓದವ್ವ. ಮೆಕ್ಕೆಜೋಳದ ಕಾಲದಲ್ಲಿ ಎಪಿಎಂಸಿ ಕಡೆ ಹೋಗುವ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿರುತ್ತವೆ. ಉದ್ದನೆಯ ಗಾಡಿ ಎಡಕ್ಕೆ ತಿರುಗಿದಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಮುಂಭಾಗ ದೂರ ಹೋಯಿತಲ್ಲ ಅಂತ ಸಂದಿಯಲ್ಲಿ ನುಗ್ಗಿದವರು ಆ ಚಕ್ರಕ್ಕೂ ಫುಟ್‌ಪಾತಿಗೂ ನಡುವೆ ಸಿಕ್ಕಿಬೀಳುತ್ತಾರೆ. ಆ ಜಾಗ ಡ್ರೈವರ್‌ನ ಕನ್ನಡಿಗೂ ಸರಿಯಾಗಿ ಕಾಣದು. ಸಿಗ್ನಲ್ಲಿನಲ್ಲಿ ಲಾರಿ ನಿಂತಿದ್ದರೆ ಅದರ ಹಿಂದೆ ನಿಲ್ಲು. ಅದರ ಕನ್ನಡಿಯಲ್ಲಿ ಡ್ರೈವರ್‌ನ ಮುಖ ನಿನಗೆ ಕಾಣದಿದ್ದರೆ ಅವನಿಗೂ ನೀನು ಕಾಣುತ್ತಿಲ್ಲ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಿಕ್ಕುವ ಗೋಜಿಗೇ ಹೋಗಬೇಡ.

ಗುಂಡಿ ಸರ್ಕಲ್, ಜಯದೇವ ಸರ್ಕಲ್‌ಗಳಂಥ ಕಡೆ ಬಲಕ್ಕೆ ತಿರುಗಬೇಕಾದರೆ ನಡುರಸ್ತೆಗೆ ಹೋಗಿ ಕೈ ಚಾಚುವ ಧೈರ್ಯ ಸದ್ಯಕ್ಕೆ ಬೇಡ. ಎಡಬದಿಯಲ್ಲೇ ನೇರ ಆಚೆ ಹೋಗು, ಅಂಚಿನಲ್ಲಿ ಇಳಿ, ಸೈಕಲ್ ತಳ್ಳಿಕೊಂಡು ಪಾದಚಾರಿಯಾಗಿ ದಾಟು. ಅರ್ಧ ನಿಮಿಷ ತಡವಾಗಬಹುದು, ಆಗಲಿ. ಸಣ್ಣ ರಸ್ತೆಯಲ್ಲಿ ತಿರುಗುವಾಗ ಕ್ರಮ ಹೀಗಿರಲಿ: ಮೊದಲು ಹಿಂದಿರುಗಿ ನೋಡು, ಆಮೇಲೆ ಕೈ ಪೂರ್ತಿ ಚಾಚು, ಕೈಯನ್ನು ಹ್ಯಾಂಡಲ್‌ಗೆ ತಂದ ಮೇಲೆ ತಿರುಗು. ಕೈ ತೋರಿಸಿದಾಕ್ಷಣ ತಿರುಗಿಬಿಟ್ಟರೆ ಹಿಂದಿನವನಿಗೆ ನಿಧಾನ ಮಾಡಲು ಹೊತ್ತೇ ಸಿಗುವುದಿಲ್ಲ.

ರೈಲು ಹಳಿಯ ಪಕ್ಕದಲ್ಲಿ ಸುಮಾರು ಎರಡು ಇಂಚಿನ ಸಂದು ಇರುತ್ತದೆ, ನಿನ್ನ ಟಯರು ಒಂದೂವರೆ ಇಂಚೂ ಇಲ್ಲ. ಓರೆಯಾಗಿ ಹೋದರೆ ಚಕ್ರ ಒಳಗೆ ಇಳಿಯುತ್ತದೆ. ಗೇಟಿನಲ್ಲಿ ಇಳಿದು ತಳ್ಳು, ಹಳಿಗೆ ನೇರ ಅಡ್ಡವಾಗಿ. ಮುಚ್ಚಿದ ಗೇಟಿನ ಕೆಳಗೆ ಸೈಕಲ್ ಮಲಗಿಸಿ ನುಸುಳುವವರನ್ನು ನೋಡಿ ನೀನೂ ಹೋಗಬೇಡ. ಎರಡು ಹಳಿ ಇರುವಲ್ಲಿ ಒಂದು ರೈಲು ದಾಟಿತು ಅಂದುಕೊಳ್ಳುವಾಗಲೇ ಅದರ ಮರೆಯಲ್ಲಿ ಇನ್ನೊಂದು ಬರುತ್ತಿರುತ್ತದೆ.

ಬ್ರೇಕ್ ಶೂಗೂ ರಿಮ್ಮಿಗೂ ನಡುವೆ ಎರಡು ಮಿಲಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದು. ಬ್ರೇಕ್ ಪೂರ್ತಿ ಹಿಡಿದಾಗ ಲಿವರ್‌ಗೂ ಹ್ಯಾಂಡಲ್‌ಗೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು, ಇಲ್ಲವಾದರೆ ಕೇಬಲ್ ಬಿಗಿ ಮಾಡಿಸು. ನಿನ್ನದು ಸ್ಟೀಲ್ ರಿಮ್ಮು. ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿದರೂ ಚಕ್ರ ಎರಡು ಮೂರು ಸುತ್ತು ಹಾಗೇ ಜಾರುತ್ತದೆ. ಅದಕ್ಕೇ ಮಳೆಯಲ್ಲಿ ಆಗಾಗ ಮೆಲ್ಲಗೆ ಬ್ರೇಕ್ ಒತ್ತಿ ನೀರು ಒರೆಸುತ್ತಿರಬೇಕು. ವೇಲನ್ನು ಹಿಂದೆ ಇಳಿಬಿಡಬೇಡ, ಸೊಂಟಕ್ಕೆ ಕಟ್ಟು. ಹ್ಯಾಂಡಲ್‌ಗೆ ಬ್ಯಾಗ್ ತೂಗಿಹಾಕಬೇಡ, ಪಟ್ಟಿ ಮುಂದಿನ ಕಡ್ಡಿಗೆ ಸಿಕ್ಕರೆ ಚಕ್ರ ನಿಂತಲ್ಲೇ ನಿಲ್ಲುತ್ತದೆ, ಸವಾರ ಮುಂದಕ್ಕೆ ಹಾರುತ್ತಾನೆ. ಕಿವಿಯಲ್ಲಿ ಇಯರ್‌ಫೋನ್ ಬೇಡ.

ಎಲೆಕ್ಟ್ರಿಕ್ ಸೈಕಲ್ ಆಸೆ ಇದೆಯಂತೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಲೈಸೆನ್ಸ್, ನೋಂದಣಿ ಬೇಕಿಲ್ಲ. ಅದಕ್ಕಿಂತ ಜೋರಿನದು ಕಾನೂನಿನ ಕಣ್ಣಿನಲ್ಲಿ ಸ್ಕೂಟರೇ. ಲೈಸೆನ್ಸ್ ಇಲ್ಲದ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರ ತಿದ್ದುಪಡಿ ಹೇಳುತ್ತದೆ. ಕೊಳ್ಳುವ ಮುಂಚೆ ಅಂಗಡಿಯವನ ಮಾತು ನಂಬದೆ ಕಾಗದ ನೋಡಿ.

ತಮ್ಮನ ಸ್ಕೇಟಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಗಾಡಿ ಓಡಾಡುವ ರಸ್ತೆಗೆ ಅವನನ್ನು ಬಿಡಬೇಡ. ಮೋಟಾರು ವಾಹನ ಕಾಯಿದೆಯಲ್ಲಿ ಸ್ಕೇಟಿನ ಹೆಸರೇ ಇಲ್ಲ, ಹಾಗಾಗಿ ಅವನು ನಡೆಯುವವರ ಪೈಕಿ ಅಂತಲೇ ತಿಳಿಯಬೇಕು. ಫುಟ್‌ಪಾತಿನಲ್ಲಿ ಹೋದರೆ ನಡೆಯುವವರ ವೇಗದಲ್ಲೇ ಹೋಗಲಿ. ರಸ್ತೆಯಲ್ಲಿ ಚೆಲ್ಲಿದ ನಾಲ್ಕು ಮೆಕ್ಕೆಜೋಳದ ಕಾಳು ಸಾಕು, ಆ ಸಣ್ಣ ಚಕ್ರ ಅದನ್ನು ಹತ್ತಲಾರದೆ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಬೀಳುವಾಗ ಅಂಗೈ ಊರುವುದು ಸಹಜ, ಮೊದಲು ಮುರಿಯುವುದೂ ಮಣಿಕಟ್ಟೇ. ಮೊಣಕಾಲಿನ ಪ್ಯಾಡ್ ಮರೆತರೂ ಮಣಿಕಟ್ಟಿನ ಗಾರ್ಡ್ ಮರೆಯಕೂಡದು. ಹೆಲ್ಮೆಟ್ ಹುಬ್ಬಿಗಿಂತ ಎರಡು ಬೆರಳು ಮೇಲೆ ಕೂತಿರಬೇಕು, ಹಿಂದಕ್ಕೆ ಜಾರಿದ್ದರೆ ಹಣೆಗೆ ರಕ್ಷಣೆಯಿಲ್ಲ. ಆಟೋದ ಕಂಬಿ, ನಿನ್ನ ಸೈಕಲ್ಲಿನ ಕ್ಯಾರಿಯರ್ ಯಾವುದನ್ನೂ ಹಿಡಿದು ಎಳೆಸಿಕೊಳ್ಳುವ ಆಟ ಬೇಡ. ಬೆಳಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ವಯಸ್ಸಾದವರು ನಡೆಯುತ್ತಿರುತ್ತಾರೆ, ಅಲ್ಲಿಯೂ ಬೇಡ. ಕಾಂಕ್ರೀಟ್ ಹಾಕಿದ ಕಾಂಪೌಂಡೋ, ಅನುಮತಿ ಕೊಡುವ ಶಾಲೆಯ ಅಂಗಳವೋ ನೋಡಿಕೊಡು.

ಸಂಜೆ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗುತ್ತದೆ ಅಂದಳು ನಿಮ್ಮಮ್ಮ. ನಿನ್ನ ಹಿಂದಿನ ಮಡ್‌ಗಾರ್ಡಿನ ರಿಫ್ಲೆಕ್ಟರ್ ಒಮ್ಮೆ ನೋಡು. ಮಡ್‌ಗಾರ್ಡ್ ಬಗ್ಗಿ ಅದು ನೆಲ ನೋಡುತ್ತಿದ್ದರೆ ಹಿಂದಿನ ಗಾಡಿಯ ಬೆಳಕು ವಾಪಸ್ ಹೋಗುವುದಿಲ್ಲ. ಕ್ಯಾರಿಯರ್‌ನಿಂದ ಇಳಿಬಿದ್ದ ಬ್ಯಾಗ್ ಮುಚ್ಚಿದ್ದರೂ ಅಷ್ಟೇ. ಕೆಂಪು ದೀಪವೊಂದನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಬೆನ್ನಿನ ಬ್ಯಾಗಿಗೆ ಕಟ್ಟಬೇಡ, ನೀನು ಬಗ್ಗಿದಾಗ ಅದು ಆಕಾಶ ನೋಡುತ್ತದೆ. ಸೀಟಿನ ಕೆಳಗಿನ ಕೊಳವೆಗೆ ಬಿಗಿದು, ತಮ್ಮನನ್ನು ಸೈಕಲ್ ಹತ್ತಿರ ನಿಲ್ಲಿಸಿ, ನೀನು ಎರಡು ಕಂಬದಾಚೆ ಹೋಗಿ ನಿಂತು ನೋಡು. ಕಂಡಿತೋ ಇಲ್ಲವೋ ನನಗೆ ಫೋನ್ ಮಾಡು.

ಇಂತಿ,
ನಿನ್ನ ಮಾವ