ರಾಧಾಕೃಷ್ಣನ್ ಜೊತೆ ಮಿಲ್ಲರ್ ಸಾಯ್ಬ್ರದ್ದೂ ಒಂದು ಫೋಟೊ ಹಾಕಿ

ಮಾನ್ಯ ಸಂಪಾದಕರೆ,

ಪ್ರತಿ ವರ್ಷ ಸೆಪ್ಟೆಂಬರ್ 5 ಬಂತು ಅಂದ್ರೆ ನಿಮ್ಮ ಪೇಪರಲ್ಲಿ ರಾಧಾಕೃಷ್ಣನ್ ಫೋಟೊ, ಅದೇ ಪೇಟ, ಅದೇ ಕನ್ನಡಕ, ಅದೇ ನಾಲ್ಕು ಸಾಲು. ಅವರು ಓದಿದ ಕಾಲೇಜಿನ ಮಾಸ್ಟ್ರುಗಳು ಯಾರು ಅಂತ ಒಂದು ವರ್ಷವಾದ್ರೂ ಬರೀರಿ ಮಾರಾಯ್ರೆ.

ನನಗೆ ಇದು ಯಾಕೆ ಅಂದ್ರೆ ಅದೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಲ್ಲಿ ನನ್ನ ಅಜ್ಜನೂ ಓದಿದ್ದು, 1904ರಲ್ಲಿ ಸೇರಿದ್ದು. ಆಗ ಮಂಗಳೂರಿಗೆ ರೈಲು ಇಲ್ಲ, ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ಕುಂಬಳೆಯಿಂದ ಮಂಜಿ ಅನ್ನೋ ಹಾಯಿ ದೋಣಿ ಹತ್ತಿ ಕಲ್ಲಿಕೋಟೆಗೆ ಹೋಗಿ ಅಲ್ಲಿಂದ ರೈಲಂತೆ. ಪ್ರಿನ್ಸಿಪಾಲ್ ವಿಲಿಯಂ ಮಿಲ್ಲರ್, ಸ್ಕಾಟ್ಲೆಂಡಿನೋರು, 1862ರಲ್ಲಿ ಮದ್ರಾಸಿಗೆ ಬಂದು 1907ರವರೆಗೆ ಅಲ್ಲೇ ಇದ್ದವರು. ಶೇಕ್ಸ್‌ಪಿಯರನ ಕಿಂಗ್ ಲಿಯರ್ ಪಾಠ ಮಾಡಿ ಅದನ್ನ ಭಾರತದ ರಾಜಕೀಯಕ್ಕೆ ತಾಳೆ ಹಾಕಿ ಪುಸ್ತಕವನ್ನೇ ಬರೆದ ಮನುಷ್ಯ.

ಎಷ್ಟು ಜನರನ್ನ ಮತಾಂತರ ಮಾಡಿದ್ರು ಅಂತ ಕೇಳ್ಬಹುದು. ಅವರ ಮಿಷನ್ನಿನವರೇ ಅದನ್ನ ಕೇಳಿ ಅವರ ಮೇಲೆ ಸಿಟ್ಟು ಮಾಡಿದ್ದುಂಟು, ಇಷ್ಟು ದುಡ್ಡು ಸುರಿದು ಕಾಲೇಜು ನಡೆಸಿ ದೀಕ್ಷಾಸ್ನಾನ ಇಷ್ಟೇನಾ ಅಂತ. ಮಿಲ್ಲರ್ ಲೆಕ್ಕವೇ ಬೇರೆ. ತಲೆ ಎಣಿಸೋದಲ್ಲ, ಓದಿ ಹೋದವರ ಯೋಚನೆಯೊಳಗೆ ಕ್ರಿಸ್ತನ ಮಾತು ಹರಡ್ಬೇಕು, ಸಾಕು ಅನ್ನೋದು. ಎಲ್ಲರಿಗೂ ಅದು ಹಿಡಿಸಿತು ಅಂತ ನಾನು ಹೇಳೋದಿಲ್ಲ. ಮಿಷನ್ ಶಾಲೆ ಕಾಲೇಜುಗಳಲ್ಲಿ ಹಿಂದೂ ಧರ್ಮವನ್ನ ನಡೆಸಿಕೊಂಡ ರೀತಿ ತನಗೆ ನೋವಾಗಿತ್ತು ಅಂತ ರಾಧಾಕೃಷ್ಣನ್ನೇ ಬರ್ಕೊಂಡಿದ್ದಾರೆ, ಆ ನೋವೇ ಅವರನ್ನ ವೇದಾಂತಕ್ಕೆ ಹಚ್ಚಿದ್ದು, ಆದ್ರೂ ವೇದಾಂತದ ಮೇಲೆ ಅವರು ಬರೆದ ಪ್ರಬಂಧವನ್ನ ಮೆಚ್ಚಿಕೊಂಡದ್ದು ಅಲ್ಲಿನದೇ ಕ್ರೈಸ್ತ ಮಾಸ್ಟ್ರು, ಎ.ಜಿ. ಹಾಗ್ ಅನ್ನೋರು. ನನ್ನ ಅಜ್ಜನಿಗೂ ಬೈಬಲ್ ಪಿರಿಯಡ್ ಅಂದ್ರೆ ಹಾಜರಿಗೆ ಕೂರೋ ಕ್ಲಾಸಂತೆ, ಕಿವಿ ಮಾತ್ರ ಅಲ್ಲಿ ಅಂತ ನಗ್ತಿದ್ದರು.

ಆದ್ರೆ ನಾನು ನೋಡಿದ್ದು ಹೇಳ್ತೇನೆ. 1963ರಲ್ಲಿ, ನನಗೆ ಒಂಬತ್ತು ವರ್ಷ. ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹಿಂದಿನ ದಿನ ಅಜ್ಜ ಒಬ್ಬ ಒಕ್ಕಲಿನವನಿಗೆ ಗೇಣಿ ಅಕ್ಕಿಯಲ್ಲಿ ಒಂದು ಮುಡಿ, ಅಂದ್ರೆ ಹುಲ್ಲಲ್ಲಿ ಕಟ್ಟಿದ ಒಂದು ಮೂಟೆ, ಕಮ್ಮಿ ಅಂತ ಅಂಗಳದಲ್ಲೇ ಎಲ್ಲರ ಎದುರು ಬೈದು ಕಳಿಸಿದ್ದರು. ಬೆಳಿಗ್ಗೆ ಭಟ್ರು ಸಂಕಲ್ಪ ಹೇಳಿಸ್ತಾ ಇದ್ದಾಗ ಅಟ್ಟದಿಂದ ಬಾಳೆಎಲೆ ತರಲು ಹತ್ತಿದ ಅಪ್ಪ ಇಲ್ಲೊಂದು ಮುಡಿ ಉಂಟಲ್ಲಾ ಅಂದ್ರು ನೋಡಿ, ಅಜ್ಜ ಬೆರಳಿನ ಪವಿತ್ರ ತೆಗೆದು ಎಲೆ ಮೇಲಿಟ್ಟು ಎದ್ದೇ ಬಿಟ್ರು. ಭಟ್ರು ಬಾಯಿ ಬಿಟ್ಟು ಕೂತಿದ್ದಾರೆ. ಅಜ್ಜಿ ಮಡಿ ಹಾಳಾಯ್ತು ಅಂತ ಹಿಂದಿಂದ ಕೂಗಿದ್ದು ಗದ್ದೆವರೆಗೂ ಕೇಳ್ತಿತ್ತು. ಎಪ್ಪತ್ತೇಳರ ಮುದುಕ, ಮಡಿಪಂಚೆ ಎತ್ತಿ ಕಟ್ಟಿ ಗದ್ದೆಯ ಹುಣಿಯ ಮೇಲೆ ಬೀಸಬೀಸ ನಡೀತಿದ್ರು, ನಾನು ಹಿಂದೆ ಓಡ್ತಾ. ಆ ಒಕ್ಕಲಿನವನ ಗುಡಿಸಲಿನ ಎದುರು ನಿಂತು "ತಪ್ಪಾಂಡ್" ಅಂದ್ರು, ತುಳುವಲ್ಲಿ, ಅಷ್ಟೇ. ಅವನು ತಲೆಗೆ ಸುತ್ತಿದ ಬೈರಾಸು ಕೈಗೆ ತಗೊಂಡು ಏನ್ ಮಾಡೋದು ಅಂತ ಗೊತ್ತಾಗದೆ ನಿಂತಿದ್ದ. ನಮಗೆ ಬಂದು ಮತ್ತೆ ಸ್ನಾನ, ಮತ್ತೆ ಸಂಕಲ್ಪ, ಪ್ರಸಾದ ಸಿಗುವಾಗ ಮೂರು ಗಂಟೆ. ಹಸಿವಿಗೆ ನನಗೆ ಅಜ್ಜನ ಮೇಲೆ ಭಾರೀ ಸಿಟ್ಟು.

ಅಜ್ಜ ಹೋದ ಮೇಲೆ ಅವರ ಟ್ರಂಕಲ್ಲಿ ಕಾಲೇಜಿನ ಬೈಬಲ್ ಸಿಕ್ತು. ಮತ್ತಾಯನ 5ನೇ ಅಧ್ಯಾಯದಲ್ಲಿ ಪೆನ್ಸಿಲ್ ಗೆರೆ. ಕಾಣಿಕೆ ಅರ್ಪಿಸಲು ಬಂದಾಗ ನಿನ್ನ ಸಹೋದರನ ಮನಸ್ಸಲ್ಲಿ ನಿನ್ನ ಮೇಲೆ ಏನೋ ಉಂಟು ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಹತ್ತಿರ ಸರಿ ಮಾಡ್ಕೊ ಅನ್ನೋ ಜಾಗ. ಅಜ್ಜ ಸಾಯೋವರೆಗೆ ಸಂಧ್ಯಾವಂದನೆ ಬಿಟ್ಟವರಲ್ಲ. ಹಾಗಾದ್ರೆ ಇದು ಯಾವ ಲೆಕ್ಕಕ್ಕೆ ಬರ್ತದೆ, ಈಚೆಗೆ ವಾಚಕರ ವಾಣಿಯಲ್ಲಿ ಮಿಷನ್ ಕಾಲೇಜುಗಳನ್ನ ಬೈಯುವವರೂ ಹೊಗಳುವವರೂ ಒಟ್ಟಿಗೇ ಹೇಳಲಿ ನೋಡೋಣ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದದ್ದು ಯಾವ ಲೆಕ್ಕ?

ಮಿಲ್ಲರ್ 1923ರಲ್ಲಿ ತೀರಿಕೊಂಡರು. ಕಾಲೇಜು 1937ರಲ್ಲಿ ತಾಂಬರಂಗೆ ಹೋಯ್ತು, ಈಗಲೂ ಉಂಟು. ಮುಂದಿನ ಸೆಪ್ಟೆಂಬರಿಗೆ ಅವರ ಫೋಟೊ ಬೇಕಾದ್ರೆ ಅಲ್ಲಿಗೇ ಬರೆದು ಕೇಳಿ, ಅಜ್ಜನ ಬೈಬಲಿನ ಆ ಪುಟದ ಫೋಟೊ ನಾನು ಕಳಿಸ್ತೇನೆ.

ಇತಿ,
ನಿಮ್ಮ ಹಳೆ ಓದುಗ, ಬದಿಯಡ್ಕ